ಎಂ.ವಿ. ಸುಬ್ಬಯ್ಯ ನಾಯ್ಡು: ರಂಗದ ದನಿ, ತೆರೆಯ ಬಿಂಬ

1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಇಂದ್ರಜಿತು ಪಾತ್ರದಿಂದ ಎಂ.ವಿ. ಸುಬ್ಬಯ್ಯ ನಾಯ್ಡು ಅವರು ಕನ್ನಡ ಚಿತ್ರರಂಗದ ಪ್ರಥಮ ನಾಯಕನಟರೆನಿಸಿದರು. ವೈ.ವಿ. ರಾವ್ ನಿರ್ದೇಶನದ ಈ ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ರಾವಣನಾಗಿ ಆರ್. ನಾಗೇಂದ್ರರಾಯರೂ ಮಂಡೋದರಿಯಾಗಿ ನಾಯ್ಡು ಅವರ ಪತ್ನಿ ಲಕ್ಷ್ಮೀಬಾಯಿಯವರೂ ಅಭಿನಯಿಸಿದರು.

ಆದರೆ ನಾಯ್ಡು ಅವರನ್ನು ಕೇವಲ ಚಿತ್ರನಟರೆಂದು ಪರಿಗಣಿಸುವುದು ಅಪೂರ್ಣವಾದೀತು. ನಾಗೇಂದ್ರರಾಯರೊಡಗೂಡಿ ಅವರು ನಡೆಸಿದ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯೇ ಆರಂಭಕಾಲದ ಹಲವು ಚಿತ್ರಗಳ ಮೂಲನೆಲೆ. ಮಂಡಳಿಯ ಜನಪ್ರಿಯ ನಾಟಕ ‘ಭೂಕೈಲಾಸ’ವನ್ನು ಎ.ವಿ. ಮೆಯ್ಯಪ್ಪನ್ 1940ರಲ್ಲಿ ತೆಲುಗಿನಲ್ಲಿ ಚಿತ್ರವಾಗಿಸಿದಾಗ ರಾವಣನ ಪಾತ್ರ ನಾಯ್ಡು ಅವರ ಪಾಲಿಗೇ ಬಂದಿತು. 1941ರ ‘ವಸಂತಸೇನ’ದಲ್ಲಿ ಅವರು ಚಾರುದತ್ತನಾದರು. ಅಂದು ಚಲನಚಿತ್ರವು ವೃತ್ತಿರಂಗಭೂಮಿಯ ಪ್ರತಿಸ್ಪರ್ಧಿಯಾಗಿದ್ದಂತೆಯೇ ಅದರ ಋಣಿಯೂ ಆಗಿತ್ತೆಂಬುದಕ್ಕೆ ಇವು ನಿದರ್ಶನ.

1943ರ ‘ಸತ್ಯ ಹರಿಶ್ಚಂದ್ರ’ ಇನ್ನೊಂದು ದೃಷ್ಟಿಯಿಂದ ಗಮನಾರ್ಹ. ನಾಯ್ಡು ನಾಯಕರಾಗಿದ್ದ ಈ ಚಿತ್ರ ಮರುವರ್ಷ ತಮಿಳಿಗೆ ಡಬ್ ಆಯಿತು. ಭಾರತದಲ್ಲಿ ಡಬ್ಬಿಂಗ್‌ನ ಆದ್ಯ ಪ್ರಯೋಗಗಳಲ್ಲಿ ಇದೊಂದು. ಧ್ವನಿವರ್ಧಕದ ನೆರವಿಲ್ಲದೆ ಕಡೆಯ ಸಾಲಿನ ಪ್ರೇಕ್ಷಕನನ್ನೂ ತಲುಪಬೇಕಾದ ಕಂಠವೇ ಕಂಪನಿ ನಟನ ಬಂಡವಾಳ. ತಮಿಳು ಆವೃತ್ತಿಯಲ್ಲಾದರೋ ಮುಖ ನಟನದು, ಮಾತು ಪರರದು. ಯಂತ್ರಕಲೆಯು ನಟನನ್ನು ಭಾಷೆಯ ಗಡಿ ದಾಟಿಸಿತು. ಅದಕ್ಕೆ ಪ್ರತಿಯಾಗಿ ಆತನ ದನಿಯನ್ನು ಪಡೆಯಿತು.

ಇಂದು ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರದಲ್ಲಿ ಮುದ್ರಿತವಾದ ಅವರ ಕಂಠವೂ ಅದರೊಡನೆ ಮರೆಯಾಗಿದೆ. ಶಾಶ್ವತವೆಂದು ನಂಬಲಾಗಿದ್ದ ಚಿತ್ರಸುರುಳಿಯೂ ಕಡೆಗೆ ನಾಟಕದಷ್ಟೇ ಕ್ಷಣಿಕವಾದುದು ಚರಿತ್ರೆಯ ವ್ಯಂಗ್ಯ.