ನಿವೃತ್ತರ ನೆಲೆ ಮತ್ತು ಕೇರಿಯ ಆಯ್ಕೆ: ಆರ್‌ಪಿಸಿ ಲೇಔಟ್ ಪರಿಸರದ ಒಂದು ಜಾನಪದೀಯ ಅವಲೋಕನ

ಬೆಂಗಳೂರನ್ನು ‘ಪಿಂಚಣಿದಾರರ ಸ್ವರ್ಗ’ವೆಂದು ಕರೆಯುವ ರೂಢಿ ಬಹುಕಾಲದಿಂದ ಬಂದಿದೆ. ಹಿತವಾದ ಹವೆ, ನೆರಳಿನ ರಸ್ತೆಗಳು, ಅಗ್ಗದ ಜೀವನ ಎಂಬ ಕಾರಣಗಳನ್ನು ಕೊಟ್ಟು ಈ ಮಾತನ್ನು ಅಲ್ಲಿಗೇ ಬಿಟ್ಟುಬಿಡುವುದು ವಾಡಿಕೆ. ಆದರೆ ನಿವೃತ್ತನಾದವನು ಬೆಂಗಳೂರಿನಲ್ಲಿ ನೆಲೆಸಿದನು ಎಂದಷ್ಟೇ ಹೇಳಿದರೆ ಅರ್ಧ ಸಂಗತಿಯನ್ನು ಹೇಳಿದಂತಾಗುತ್ತದೆ. ಅವನು ಬೆಂಗಳೂರಿನ ಯಾವ ಬಡಾವಣೆಯಲ್ಲಿ, ಯಾವ ಅಡ್ಡರಸ್ತೆಯಲ್ಲಿ, ಯಾರ ನೆರೆಯಲ್ಲಿ ನೆಲೆಸಿದನು, ಆ ಆಯ್ಕೆಯ ಹಿಂದೆ ಯಾವ ನಂಬಿಕೆ ಮತ್ತು ಲೆಕ್ಕಾಚಾರಗಳಿದ್ದವು ಎಂಬುದು ಉಳಿದರ್ಧ. ಈ ಉಳಿದರ್ಧವು ನಗರ ಚರಿತ್ರೆಯ ಬರವಣಿಗೆಯಲ್ಲಿ ವಿರಳವಾಗಿಯೇ ಕಾಣಿಸಿಕೊಳ್ಳುತ್ತದೆ. ಪ್ರಸ್ತುತ ಪ್ರಬಂಧದಲ್ಲಿ ಬೆಂಗಳೂರಿನ ಪಶ್ಚಿಮ ಭಾಗದ ವಿಜಯನಗರಕ್ಕೆ ಹೊಂದಿಕೊಂಡ, ಹಂಪಿನಗರವೆಂಬ ಹೆಸರಿನಿಂದಲೂ ಗುರುತಿಸಲ್ಪಡುವ ಆರ್‌ಪಿಸಿ ಲೇಔಟ್ ಪರಿಸರವನ್ನು ಮುಖ್ಯವಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸಲು ಪ್ರಯತ್ನಿಸಲಾಗಿದೆ.

1. ಪೇಟೆಯಿಂದ ಬಡಾವಣೆಗೆ

1537ರಲ್ಲಿ ಕೆಂಪೇಗೌಡನು ಕಟ್ಟಿಸಿದ ಪೇಟೆಯಲ್ಲಿ ವಾಸದ ಕೇರಿಯನ್ನು ವೃತ್ತಿಯೇ ನಿರ್ಧರಿಸುತ್ತಿತ್ತು. ಅಕ್ಕಿಪೇಟೆ, ಕುಂಬಾರಪೇಟೆ, ನಗರ್ತಪೇಟೆ, ತಿಗಳರಪೇಟೆ ಎಂಬ ಹೆಸರುಗಳು ಸರಕನ್ನೋ ಸಮುದಾಯವನ್ನೋ ಸೂಚಿಸುತ್ತವೆ. ದುಡಿಯುವ ಜಾಗ ಮತ್ತು ಮುಪ್ಪನ್ನು ಕಳೆಯುವ ಜಾಗ ಅಲ್ಲಿ ಬೇರೆಬೇರೆಯಾಗಿರಲಿಲ್ಲ. ಕುಂಬಾರನಿಗೆ ನಿವೃತ್ತಿ ಎಂಬುದಿರಲಿಲ್ಲ. ಕೈ ಸೋತಾಗ ತಿಗುರಿಯನ್ನು ಮಗನಿಗೆ ಬಿಟ್ಟು ಅದೇ ಜಗಲಿಯಲ್ಲಿ ಕುಳಿತಿರುತ್ತಿದ್ದನು. ಆದ್ದರಿಂದ ಕೇರಿಯ ಆಯ್ಕೆ ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವಂತಿರಲಿಲ್ಲ.

1809ರಲ್ಲಿ ದಂಡು ನೆಲೆಗೊಂಡುದು ಮತ್ತು ಸರ್ಕಾರಿ ನೌಕರಿಯು ವಿಸ್ತಾರವಾದುದು ಹೊಸ ಬಗೆಯ ಮನುಷ್ಯನನ್ನು ಸೃಷ್ಟಿಸಿದವು. ಆತ ಒಂದು ಊರಿನಲ್ಲಿ ಹುಟ್ಟಿ, ಹತ್ತು ಊರುಗಳಲ್ಲಿ ವರ್ಗವಾಗಿ ದುಡಿದು, ಕೊನೆಗೆ ತಿಂಗಳ ಪಿಂಚಣಿಯೊಂದಿಗೆ ಎಲ್ಲಿ ಬೇಕಾದರೂ ನೆಲೆಸಬಹುದಾದ ಮನುಷ್ಯ. 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರಗಳು ಇಂಥವರನ್ನು ವಿಶೇಷವಾಗಿ ಸೆಳೆದವು. ಆ ಬಡಾವಣೆಗಳು ಗಾಳಿ ಬೆಳಕುಗಳ ಹೊಸ ಆರೋಗ್ಯ ಕಲ್ಪನೆಯನ್ನು ಅನುಸರಿಸಿದ್ದರೂ ನಿವೇಶನಗಳ ವಿಂಗಡಣೆಯಲ್ಲಿ ಜಾತಿಯ ಗೆರೆಗಳನ್ನು ಉಳಿಸಿಕೊಂಡಿದ್ದವು ಎಂಬುದನ್ನು ಗಮನಿಸಬೇಕು. ಪೇಟೆಯ ಕೇರಿ ಅಳಿಯಲಿಲ್ಲ. ನೇರವಾದ ರಸ್ತೆಗಳ ನಡುವೆ ಮತ್ತೊಂದು ರೂಪವನ್ನು ತಳೆಯಿತು.

1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯು ಸ್ಥಾಪನೆಗೊಂಡಿತು. 1941ರಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆ 1951ರ ವೇಳೆಗೆ ಸುಮಾರು 7.8 ಲಕ್ಷಕ್ಕೂ, 1981ರ ವೇಳೆಗೆ 29 ಲಕ್ಷಕ್ಕೂ ಏರಿತು. 1940ರಲ್ಲಿ ಎಚ್.ಎ.ಎಲ್., 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಕಾರ್ಖಾನೆಗಳು ಹುಟ್ಟಿಕೊಂಡವು. 1956ರ ರಾಜ್ಯ ಪುನರ್ವಿಂಗಡಣೆಯಿಂದಾಗಿ ಮುಂಬಯಿ ಮತ್ತು ಹೈದರಾಬಾದು ಪ್ರಾಂತ್ಯಗಳ ಕನ್ನಡ ನೌಕರರೂ ರಾಜಧಾನಿಗೆ ಬಂದರು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಈ ದುಡಿಯುವ ತಲೆಮಾರಿಗಾಗಿ ಬೆಳೆದ ಬಡಾವಣೆಗಳು. 1976ರಲ್ಲಿ ಟ್ರಸ್ಟ್ ಮಂಡಳಿಯ ಕೆಲಸವು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರಕ್ಕೆ ಸೇರಿತು. ಇವುಗಳಲ್ಲಿ ಯಾವುದನ್ನೂ ನಿವೃತ್ತರಿಗಾಗಿ ಯೋಜಿಸಿರಲಿಲ್ಲ. ನಲವತ್ತರ ಹರೆಯದಲ್ಲಿ ಸಾಲ ಮಾಡಿ ಮನೆ ಕಟ್ಟಿದವರು ಅಲ್ಲಿಯೇ ಮುಪ್ಪಾದರು, ಮಕ್ಕಳು ಬೇರೆಡೆಗೆ ಹೋದರು, ಬಡಾವಣೆಯು ನಿವೃತ್ತರ ನೆಲೆಯಾಯಿತು. ಇಂಥ ಪ್ರದೇಶಗಳನ್ನು ಅಮೆರಿಕದ ವಿದ್ವಾಂಸ ಮೈಕೆಲ್ ಹಂಟ್ 1980ರ ದಶಕದಲ್ಲಿ ‘ತಾನಾಗಿ ರೂಪುಗೊಂಡ ನಿವೃತ್ತ ಸಮುದಾಯ’ಗಳೆಂದು ಗುರುತಿಸಿದನು. ಆ ಪರಿಕಲ್ಪನೆಯು ನಮ್ಮ ಪಶ್ಚಿಮ ಬೆಂಗಳೂರಿಗೆ ಚೆನ್ನಾಗಿಯೇ ಒಪ್ಪುತ್ತದೆ.

2. ಹೆಸರುಗಳು ಉಳಿಸಿಕೊಂಡ ಚರಿತ್ರೆ

ಆರ್‌ಪಿಸಿ ಲೇಔಟಿನ ಸುತ್ತಲಿನ ಸ್ಥಳನಾಮಗಳನ್ನು ಅವಲೋಕಿಸಿದರೆ ಎರಡು ಪದರಗಳು ಕಂಡುಬರುತ್ತವೆ. ವಿಜಯನಗರ, ಹಂಪಿನಗರ ಎಂಬವು ಸಾಮ್ರಾಜ್ಯದ ನೆನಪನ್ನು ಹೊತ್ತ ಹೊಸ ಹೆಸರುಗಳು. ಅತ್ತಿಗುಪ್ಪೆ, ಮಾರೇನಹಳ್ಳಿ, ಹೊಸಹಳ್ಳಿ, ಮೂಡಲಪಾಳ್ಯ, ನಾಯಂಡಹಳ್ಳಿ ಎಂಬವು ಬಡಾವಣೆಗಿಂತ ಹಿಂದಿನ ಹಳ್ಳಿಗಳವು. ಅತ್ತಿಗುಪ್ಪೆಯಲ್ಲಿ ಮರದ ಹೆಸರೂ ಗುಪ್ಪೆ ಎಂಬ ರಾಶಿವಾಚಕವೂ ಕೂಡಿರುವಂತೆ ತೋರುತ್ತದೆ. ಮೂಡಲಪಾಳ್ಯದ ಹೆಸರು ಇನ್ನೂ ಕುತೂಹಲಕರವಾದುದು. ಇಂದಿನ ನಗರಕ್ಕೆ ಅದು ಪಡುವಣ ದಿಕ್ಕಿನಲ್ಲಿದೆ. ಹೆಸರು ಮಾತ್ರ ಮೂಡಣವನ್ನು ಹೇಳುತ್ತದೆ. ಹೆಸರಿಟ್ಟವರು ಬೆಂಗಳೂರಿನಲ್ಲಿ ನಿಂತು ನೋಡಿದವರಲ್ಲ, ತಮ್ಮದೇ ಆದ ಮತ್ತೊಂದು ನಡುವಿನಿಂದ ದಿಕ್ಕನ್ನು ಎಣಿಸಿದವರು ಎಂದು ಇದರಿಂದ ಊಹಿಸಬಹುದು. ಮೈಸೂರು ರಸ್ತೆಯ ರೆಮ್ಕೊ ಕಾರ್ಖಾನೆಯು ಮುಂದೆ ಬಿ.ಎಚ್.ಇ.ಎಲ್. ಸಂಸ್ಥೆಯಲ್ಲಿ ಸೇರಿಹೋದರೂ ರೆಮ್ಕೊ ಲೇಔಟ್ ಎಂಬ ಹೆಸರಿನಲ್ಲಿ ಉಳಿದಿದೆ. ಕಾರ್ಖಾನೆಯು ಮರೆತ ಹೆಸರನ್ನು ಅದರ ನಿವೃತ್ತರ ಬೀದಿಯು ನೆನಪಿಟ್ಟುಕೊಂಡಿದೆ.

ಈ ಎರಡು ಪದರಗಳ ನಡುವಣ ಸಂಬಂಧವು ಸಮಾನವಾದುದಲ್ಲ. ನಿವೇಶನಗಳಾಗಿ ವಿಂಗಡಿಸಲ್ಪಟ್ಟ ಭೂಮಿಯು ಹಿಂದೆ ಹೊಲವೋ ತೋಟವೋ ಆಗಿದ್ದುದು. ಭೂಸ್ವಾಧೀನಕ್ಕೆ ಒಳಗಾದ ರೈತ ಕುಟುಂಬಗಳಿಗೆ ಕೇರಿಯನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಅವರ ಕೇರಿಯ ಸುತ್ತಲೂ ಇತರರ ಆಯ್ಕೆಗಳು ಬೆಳೆದುನಿಂತವು. ಹಳೆಯ ಗ್ರಾಮಠಾಣದ ಇಕ್ಕಟ್ಟಾದ ಬೀದಿ ಮತ್ತು ಅದರಾಚೆಯ ಅಗಲವಾದ ಮುಖ್ಯರಸ್ತೆಗಳು ಸೇರುವೆಡೆಯಲ್ಲಿ ಈ ವ್ಯತ್ಯಾಸ ಇಂದಿಗೂ ಕಣ್ಣಿಗೆ ಬೀಳುತ್ತದೆ. ಗ್ರಾಮದೇವತೆಯ ಗುಡಿ ಹಳೆಯ ಬೀದಿಯಲ್ಲಿಯೂ, ಗಣಪತಿ, ಆಂಜನೇಯ, ರಾಯರ ಗುಡಿಗಳು ಹೊಸ ರಸ್ತೆಗಳಲ್ಲಿಯೂ ಇರುವುದು ಸಾಮಾನ್ಯ. ಬಡಾವಣೆಯ ಹಿರಿಯರು ಮೊದಮೊದಲು ಮಾರಮ್ಮನ ಜಾತ್ರೆಯನ್ನು ‘ಊರಿನವರ ಹಬ್ಬ’ ಎಂದು ತಮ್ಮಿಂದ ಬೇರ್ಪಡಿಸಿ ಹೇಳುತ್ತಿದ್ದುದು, ವರ್ಷಗಳು ಕಳೆದಂತೆ ತಾವೂ ಮಡಿಲಕ್ಕಿ ಕೊಡತೊಡಗಿದುದು ಮಾತುಕತೆಗಳಿಂದ ತಿಳಿದುಬರುತ್ತದೆ. ನೆಲೆಸುವುದು ಎಂಬುದರ ಪೂರ್ಣ ಅರ್ಥವು ನೋಂದಣಿ ಪತ್ರದಲ್ಲಿಲ್ಲ, ಇಂಥ ಒಳಗೊಳ್ಳುವಿಕೆಯಲ್ಲಿದೆ.

3. ಆಯ್ಕೆಯ ಜಾನಪದ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯು ಕಟ್ಟುವ ಕಷ್ಟವನ್ನು ಹೇಳುತ್ತದೆ. ಕಟ್ಟುವ ಮೊದಲು ನಡೆಯುವ ‘ಜಾಗ ನೋಡುವ’ ಕ್ರಿಯೆಯೂ ಹೆಣ್ಣು ನೋಡುವ ಶಾಸ್ತ್ರದಷ್ಟೇ ವಿವರವಾದುದು. ಪಶ್ಚಿಮ ಬೆಂಗಳೂರಿನ ಹಿರಿಯರ ಮಾತಿನಲ್ಲಿ ಈ ಕ್ರಿಯೆಗೆ ಸಂಬಂಧಿಸಿದ ಶಬ್ದಸಂಪತ್ತೇ ಇದೆ. ಮುಂಭಾಗ ಕಿರಿದಾಗಿ ಹಿಂಭಾಗ ಅಗಲವಾದ ‘ಗೋಮುಖ’ದ ನಿವೇಶನವು ಶುಭ, ಅದರ ತಿರುವುಮುರುವಾದ ‘ವ್ಯಾಘ್ರಮುಖ’ವು ಅಶುಭ. ಎದುರಿನ ರಸ್ತೆಯು ನೇರವಾಗಿ ಬಂದು ಮನೆಗೆ ಮುಟ್ಟಿದರೆ ಅದು ‘ರಸ್ತೆ ಕುತ್ತು’. ಚೌಕುಳಿಯಾಕಾರದ ಬಡಾವಣೆಯಲ್ಲಿ ಅಡ್ಡರಸ್ತೆಗಳು ಕೊನೆಗೊಳ್ಳುವೆಡೆಯಲ್ಲೆಲ್ಲ ಈ ದೋಷವು ಅನಿವಾರ್ಯ. ಅದಕ್ಕೆ ಪರಿಹಾರವಾಗಿ ಕಾಂಪೌಂಡಿನ ಗೋಡೆಯಲ್ಲಿ ಗಣಪತಿಯನ್ನು ಕೂರಿಸುತ್ತಾರೆ. ಅಭಿಯಂತರರ ನಕ್ಷೆಯು ಹುಟ್ಟಿಸಿದ ದೋಷವನ್ನು ಜನಪದ ನಂಬಿಕೆಯು ಹೀಗೆ ಸರಿಪಡಿಸಿಕೊಂಡಿತು. ‘ಥರ್ಟಿ ಫಾರ್ಟಿ’, ‘ಫಾರ್ಟಿ ಸಿಕ್ಸ್ಟಿ’ ಎಂಬ ಅಳತೆಗಳು ಮನೆತನದ ಅಂತಸ್ತನ್ನು ಸೂಚಿಸುವ ಪದಗಳಾಗಿಬಿಟ್ಟವು.

ನಂಬಿಕೆಗಳ ಪಾತ್ರವನ್ನು ಅತಿಯಾಗಿ ಹೇಳಬಾರದು. ಮಂಜೂರಾತಿಯಲ್ಲಿ ಬಂದ ನಿವೇಶನವನ್ನು ದಿಕ್ಕು ಸರಿಯಿಲ್ಲವೆಂದು ಬಿಡುವಷ್ಟು ಅನುಕೂಲವು ಬಹುಮಂದಿ ನೌಕರರಿಗೆ ಇರಲಿಲ್ಲ. ಸಿಕ್ಕಿದ್ದನ್ನು ಒಪ್ಪಿಕೊಂಡು, ಬಾಗಿಲನ್ನು ತಿರುಗಿಸಿ, ಶಾಂತಿ ಮಾಡಿಸಿ, ಹಾಲುಕ್ಕಿಸಿ ಒಳಹೊಕ್ಕವರೇ ಹೆಚ್ಚು. ನಿಜವಾದ ಆಯ್ಕೆ ನಡೆದುದು ನೆರೆಹೊರೆಯ ವಿಷಯದಲ್ಲಿ. ಒಂದೇ ಕಚೇರಿಯ ಸಹೋದ್ಯೋಗಿಗಳು ಗೃಹನಿರ್ಮಾಣ ಸಹಕಾರ ಸಂಘದ ಮೂಲಕ ಒಟ್ಟಿಗೆ ನಿವೇಶನ ಪಡೆಯುವುದು ಒಂದು ಬಗೆ. ಇದರಲ್ಲಿ ಕಚೇರಿಯ ಮೇಲು ಕೀಳುಗಳೂ ಬಡಾವಣೆಗೆ ಬರುತ್ತಿದ್ದವು; ನಿವೃತ್ತಿಯಾಗಿ ಹಲವು ವರ್ಷಗಳಾದರೂ ವಾಯುವಿಹಾರದಲ್ಲಿ ಎದುರಾದ ಹಳೆಯ ಮೇಲಧಿಕಾರಿಗೆ ‘ಸಾರ್’ ಎಂದೇ ದಾರಿ ಬಿಡುವುದುಂಟು. ಊರಿನವರು ಅಥವಾ ಬೀಗರು ಮೊದಲೇ ನೆಲೆಸಿದ್ದ ರಸ್ತೆಯನ್ನು ಹುಡುಕಿಕೊಂಡು ಬರುವುದು ಎರಡನೆಯ ಬಗೆ. ಮಾಗಡಿ, ರಾಮನಗರ, ಮಂಡ್ಯ, ತುಮಕೂರು ಸೀಮೆಯವರಿಗೆ ತಮ್ಮೂರಿನ ಬಸ್ಸು ಹೊರಡುವ ದಿಕ್ಕಿನಲ್ಲಿಯೇ ಮನೆ ಇರಬೇಕೆಂಬ ಆಸೆಯಿತ್ತು. ಮಾಗಡಿ ರಸ್ತೆ ಮತ್ತು ಮೈಸೂರು ರಸ್ತೆಗಳ ನಡುವಿನ ಈ ಪ್ರದೇಶವು ಆ ಆಸೆಯನ್ನು ಈಡೇರಿಸುತ್ತಿತ್ತು. ಜಾತಿಯ ಪ್ರಶ್ನೆಯನ್ನು ನೇರವಾಗಿ ಆಡದೆ ‘ನಮ್ಮಂಥವರು ಇರುವ ಏರಿಯಾ’ ಎಂಬ ಮಾತಿನಲ್ಲಿ ಅಡಗಿಸುವುದು ಮೂರನೆಯದು. ಆ ಹಳೆಯ ಬಡಾವಣೆಗಳ ನಕ್ಷೆಯು ಬಹಿರಂಗವಾಗಿ ಎಳೆದ ಗೆರೆಯನ್ನು ಈ ಮಾತು ಗುಟ್ಟಾಗಿ ಎಳೆಯುತ್ತದೆ. ಬಾಡಿಗೆಗೆ ಮನೆ ಕೇಳಿದವರು ಮೊದಲು ಎದುರಿಸುವುದು ಈ ಗೆರೆಯನ್ನೇ.

4. ನಡಿಗೆಯ ಅಳತೆ

ಮುಪ್ಪಿನಲ್ಲಿ ಕೇರಿಯ ಗಡಿಯು ಕಾಲಿನ ಶಕ್ತಿಯಿಂದ ನಿರ್ಧಾರವಾಗುತ್ತದೆ. ನಲವತ್ತರಲ್ಲಿ ಮನೆ ಕಟ್ಟುವಾಗ ಕಚೇರಿಯ ಬಸ್ಸು ಮತ್ತು ಮಕ್ಕಳ ಶಾಲೆಗಳು ಮುಖ್ಯವಾಗಿದ್ದವು. ಎಪ್ಪತ್ತರಲ್ಲಿ ಹಾಲಿನ ಬೂತು, ಔಷಧದ ಅಂಗಡಿ, ಬ್ಯಾಂಕು, ಗುಡಿ, ಉದ್ಯಾನದ ಕಲ್ಲುಬೆಂಚು, ಗ್ರಂಥಾಲಯದ ಪತ್ರಿಕಾ ವಿಭಾಗ ಎಂಬವು ಹೊಸ ನಕ್ಷೆಯಾಗುತ್ತವೆ. ಒಂದೇ ಬಡಾವಣೆಯ ಎರಡು ಅಡ್ಡರಸ್ತೆಗಳ ನಡುವೆ ಈ ದೃಷ್ಟಿಯಿಂದ ಬಹಳ ಅಂತರವಿರುತ್ತದೆ. ಮುಖ್ಯರಸ್ತೆಯನ್ನು ದಾಟಿಯೇ ಗುಡಿಗೆ ಹೋಗಬೇಕಾದ ಮನೆಯೂ, ದಾಟದೆಯೇ ಹೋಗಬಹುದಾದ ಮನೆಯೂ ವೃದ್ಧರ ಪಾಲಿಗೆ ಬೇರೆಬೇರೆ ಊರುಗಳಿದ್ದಂತೆ. 2015ರ ನವೆಂಬರಿನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗಿನ ಮೆಟ್ರೊ ಆರಂಭವಾಗಿ ಅತ್ತಿಗುಪ್ಪೆ, ವಿಜಯನಗರ ನಿಲ್ದಾಣಗಳು ತೆರೆದುಕೊಂಡವು. 2021ರ ಆಗಸ್ಟಿನಲ್ಲಿ ಮಾರ್ಗವು ಕೆಂಗೇರಿಯನ್ನು ಮುಟ್ಟಿತು. ಇದರಿಂದ ದೂರದ ಆಸ್ಪತ್ರೆಗಳು ಹತ್ತಿರವಾದವು. ಜೊತೆಗೆ ನೆಲದ ಬೆಲೆಯೂ ಏರಿ ಹಳೆಯ ಮನೆಗಳನ್ನು ಕೆಡವಿ ಮಹಡಿಗಳನ್ನು ಕಟ್ಟುವ ಒತ್ತಡವೂ ಹೆಚ್ಚಿತು.

ಇಲ್ಲಿ ಸ್ತ್ರೀಯರ ಅನುಭವವನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ. ನಿವೇಶನದ ಅರ್ಜಿಯು ಸಾಮಾನ್ಯವಾಗಿ ಗಂಡನ ಹೆಸರಿನಲ್ಲಿ, ಆಯ್ಕೆಯು ಅವನ ಕಚೇರಿಯ ಲೆಕ್ಕದಲ್ಲಿ ನಡೆಯಿತು. ಗಂಡನಿಗೆ ನಿವೃತ್ತಿಯ ದಿನಾಂಕವಿತ್ತು, ಹಾರ ತುರಾಯಿಗಳ ಬೀಳ್ಕೊಡುಗೆಯಿತ್ತು. ಹೆಂಡತಿಯ ಅಡುಗೆಮನೆಗೆ ಅಂಥ ದಿನಾಂಕವಿರಲಿಲ್ಲ. ಆದರೆ ಕೇರಿಯನ್ನು ಕೇರಿಯಾಗಿಸಿದವರು ಅವರೇ. ಅರಿಶಿನ ಕುಂಕುಮ, ಎಳ್ಳು ಬೀರುವುದು, ಗೌರಿ ಬಾಗಿನ, ಗೊಂಬೆ ಕೂರಿಸುವುದು, ಭಜನಾ ಮಂಡಳಿ ಇವುಗಳ ಮೂಲಕ ಯಾವ ಮನೆಯಿಂದ ಯಾವ ಮನೆಗೆ ಹೋಗಿಬರಬಹುದು ಎಂಬ ಜಾಲವು ಹೆಣೆಯಲ್ಪಟ್ಟಿತು. ಗಂಡ ತೀರಿಕೊಂಡ ಮೇಲೆ ಇದೇ ಜಾಲದ ಕೆಲವು ಬಾಗಿಲುಗಳು ಮುಚ್ಚಿಕೊಂಡುದನ್ನೂ ಮರೆಯಬಾರದು. ಮಂಗಳಕಾರ್ಯಗಳ ಸುತ್ತ ಕಟ್ಟಿದ ನೆರೆತನವು ವಿಧವೆಯನ್ನು ಹೊರಗಿಡುತ್ತದೆ. ಭಜನೆಯ ಸುತ್ತ ಕಟ್ಟಿದುದು ಒಳಗಿಟ್ಟುಕೊಳ್ಳುತ್ತದೆ. ಮಗನಿರುವಲ್ಲಿಗೆ ಹೋಗಲು ಒಪ್ಪದೆ ಆರ್‌ಪಿಸಿ ಲೇಔಟಿನಂಥ ಕಡೆ ಒಂಟಿಯಾಗಿ ಉಳಿದ ಹಿರಿಯ ಸ್ತ್ರೀಯರಿಗೆ ಹಠಮಾರಿಗಳೆಂಬ ಹೆಸರು ಸುಲಭವಾಗಿ ಅಂಟುತ್ತದೆ. ಅವರು ಆರಿಸಿಕೊಂಡುದು ಈ ಎರಡನೆಯ ಜಾಲವನ್ನು ಎಂದು ತಿಳಿಯುವುದು ಹೆಚ್ಚು ಸರಿಯಾದೀತು. 2023ರ ಜೂನ್ 11ರಿಂದ ಜಾರಿಗೆ ಬಂದ ‘ಶಕ್ತಿ’ ಯೋಜನೆಯ ಉಚಿತ ಬಸ್ ಪ್ರಯಾಣವು ಅವರ ಕೇರಿಯ ಗಡಿಯನ್ನು ಸ್ವಲ್ಪಮಟ್ಟಿಗೆ ವಿಸ್ತರಿಸಿತು.

5. ಗೋಡೆಯೊಳಗಿನ ಕೇರಿ

ನಿವೃತ್ತರಿಗಾಗಿಯೇ ಊರು ಕಟ್ಟುವ ಕಲ್ಪನೆಗೆ 1960ರ ಜನವರಿ 1ರಂದು ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಆರಂಭವಾದ ಸನ್ ಸಿಟಿಯು ಪ್ರಸಿದ್ಧವಾದ ಮಾದರಿ. ಫ್ಲಾರಿಡಾದ ದಿ ವಿಲೇಜಸ್ ಎಂಬ ನಿವೃತ್ತ ನಗರವಂತೂ ಹಲವಾರು ‘ಹಳ್ಳಿ’ಗಳಾಗಿ ವಿಂಗಡಿಸಲ್ಪಟ್ಟಿದ್ದು, ಅಲ್ಲಿಗೆ ಬರುವವರು ಯಾವ ಹಳ್ಳಿ ತಮಗೆ ಸರಿ ಎಂದು ಹುಡುಕುವುದೇ ಒಂದು ದೊಡ್ಡ ಕೆಲಸ. ಬೆಂಗಳೂರಿನ ಹೊರವಲಯದಲ್ಲಿಯೂ ಇಂಥ ಆವರಣಬದ್ಧ ನೆಲೆಗಳು ಎದ್ದಿವೆ. ಕೇಂದ್ರ ಸರ್ಕಾರವು 2019ರಲ್ಲಿ ನಿವೃತ್ತರ ವಸತಿಗಳಿಗಾಗಿ ಮಾದರಿ ಮಾರ್ಗಸೂಚಿಗಳನ್ನು ಹೊರಡಿಸಿತು. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆ ಮತ್ತು ಕಲ್ಯಾಣ ಕಾಯಿದೆಯು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಆಶ್ರಯ ನೀಡುವ ವೃದ್ಧಾಶ್ರಮದ ಆಶಯವನ್ನು ಹೇಳಿತ್ತು. ಒಂದೆಡೆ ಹಣವುಳ್ಳವರ ಆವರಣ, ಇನ್ನೊಂದೆಡೆ ನಿರ್ಗತಿಕರ ಆಶ್ರಮ. ಇವೆರಡರ ನಡುವೆ ಹಳೆಯ ಬಡಾವಣೆಯ ಪಿಂಚಣಿದಾರರು.

ಆವರಣದೊಳಗೂ ಕೇರಿಯ ಆಯ್ಕೆ ತಪ್ಪುವುದಿಲ್ಲ. ಊಟದ ಮನೆಗೆ ಹತ್ತಿರವೋ ಚಿಕಿತ್ಸಾಲಯಕ್ಕೆ ಹತ್ತಿರವೋ, ಕನ್ನಡ ಮಾತನಾಡುವವರು ಇರುವ ಸಾಲು ಯಾವುದು, ಅಡುಗೆ ಯಾರ ಪದ್ಧತಿಯದು ಎಂಬ ಪ್ರಶ್ನೆಗಳು ಅಲ್ಲಿಯೂ ಏಳುತ್ತವೆ. ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಅಲ್ಲಿ ಮಕ್ಕಳ ಗದ್ದಲವಿಲ್ಲ, ಹೂ ಮಾರುವವಳ ಕೂಗಿಲ್ಲ, ಗ್ರಾಮದೇವತೆಯ ಜಾತ್ರೆಯಿಲ್ಲ. ಎಲ್ಲರೂ ಸಮವಯಸ್ಕರಾದ ಕೇರಿಯಲ್ಲಿ ಕಥೆ ಹೇಳುವವರಿರುತ್ತಾರೆ, ಕೇಳುವ ಕಿರಿಯರಿರುವುದಿಲ್ಲ. ಮೌಖಿಕ ಪರಂಪರೆಯ ದೃಷ್ಟಿಯಿಂದ ಇದು ಸಣ್ಣ ನಷ್ಟವಲ್ಲ.

6. ಸಮಾರೋಪ

ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರು ಹಳೆಯ ನಿಶ್ಚಿತ ಪಿಂಚಣಿಗೆ ಬದಲಾಗಿ ಹೊಸ ಪಿಂಚಣಿ ವ್ಯವಸ್ಥೆಗೆ ಒಳಪಟ್ಟರು. ಅಂದರೆ ನಿಶ್ಚಿತ ಪಿಂಚಣಿ, ಮಂಜೂರಾದ ನಿವೇಶನ, ಸ್ವಂತ ಮನೆ ಎಂಬ ಮೂರು ಆಧಾರಗಳ ಮೇಲೆ ನಿಂತ ನಿವೃತ್ತ ಬಡಾವಣೆಯು ನಿರ್ದಿಷ್ಟವಾದ ಒಂದು ಕಾಲಘಟ್ಟದ ಸೃಷ್ಟಿ. ಅದಕ್ಕೆ ಆರಂಭವಿದ್ದಂತೆ ಅಂತ್ಯವೂ ಇದೆ. ಸಂಘದ ಸದಸ್ಯತ್ವದ ರಸೀತಿ, ಹಂಚಿಕೆ ಪತ್ರ, ಗೃಹಪ್ರವೇಶದ ಆಮಂತ್ರಣ ಇವು ಹಳೆಯ ಟ್ರಂಕುಗಳಲ್ಲಿವೆ. ಏಕೆ ಈ ರಸ್ತೆಯನ್ನೇ ಆರಿಸಿಕೊಂಡೆವು ಎಂಬ ಕಥನವು ವಯಸ್ಸಾದವರ ನಾಲಗೆಯಲ್ಲಿದೆ. ಮನೆ ಮಾರಾಟವಾಗಿ ಕೆಡವಲ್ಪಟ್ಟಾಗ ಎರಡೂ ಒಟ್ಟಿಗೇ ನಾಶವಾಗುತ್ತವೆ.

ಹಳ್ಳಿಗಾಡಿನ ಹಾಡು ಕಥೆಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ನಗರದ ಬಡಾವಣೆಗಳ ಮೌಖಿಕ ಚರಿತ್ರೆಯನ್ನೂ ಸಂಗ್ರಹಿಸಬೇಕಾಗಿದೆ. ಆ ಕೆಲಸವು ಪಿಂಚಣಿದಾರರ ಮನೆಗಳಲ್ಲಿ ಆರಂಭವಾಗಲಿ, ಆದರೆ ಅಲ್ಲಿಯೇ ನಿಲ್ಲದಿರಲಿ. ಅತ್ತಿಗುಪ್ಪೆ, ಮಾರೇನಹಳ್ಳಿಗಳ ಹಳೆಯ ಬೀದಿಗಳಲ್ಲಿ ಹೊಲ ಕಳೆದುಕೊಂಡವರ ಮನೆಗಳಿಗೂ, ನಿವೃತ್ತರ ಮನೆಗಳಲ್ಲಿ ದುಡಿದು ತಮಗೆ ಪಿಂಚಣಿಯೂ ನಿವೇಶನವೂ ಇಲ್ಲದೆ ಮುಪ್ಪಾದ ಮನೆಗೆಲಸದವರ ಬಳಿಗೂ ಸಂಶೋಧಕನು ಹೋಗಬೇಕು. ಕೇರಿಯನ್ನು ಆರಿಸಿಕೊಂಡವರ ನೆನಪು ಮತ್ತು ಆರಿಸಿಕೊಳ್ಳುವ ಅವಕಾಶವೇ ಇಲ್ಲದವರ ನೆನಪು ಇವೆರಡನ್ನೂ ಜೊತೆಯಲ್ಲಿಟ್ಟು ಓದಿದಾಗ ಮಾತ್ರ ಪಶ್ಚಿಮ ಬೆಂಗಳೂರಿನ ಚರಿತ್ರೆಯು ಪೂರ್ಣವಾಗುತ್ತದೆ.