ಪೀಠಿಕೆಯಲ್ಲಿ ದೇವರ ಹೆಸರು ಯಾಕಿಲ್ಲ?

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ ಏನು ಬರೆಯಲಿ ಎಂದು ಬಹಳ ಯೋಚಿಸಿದೆ. ಶಾಲೆ ಕಟ್ಟಿದ ಕಥೆಯನ್ನೂ ಊರಿನ ಕಥೆಯನ್ನೂ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಬರೆಯುತ್ತಿದ್ದಾರೆ. ನಾನು ಇಲ್ಲಿ ಸಮಾಜ ವಿಜ್ಞಾನ ಕಲಿಸಿದವನು. ಆದ್ದರಿಂದ ಮಕ್ಕಳು ಕೇಳಿದ ಒಂದು ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇನೆ. ಅಂದು ಗಂಟೆ ಹೊಡೆಯಿತು, ಉತ್ತರ ಅರ್ಧಕ್ಕೇ ನಿಂತಿತು. ಉಳಿದ ಅರ್ಧವನ್ನು ಇಲ್ಲಿ ಪೂರ್ತಿ ಮಾಡುತ್ತೇನೆ.

ಹತ್ತನೆಯ ತರಗತಿಯಲ್ಲಿ ಸಂವಿಧಾನದ ಪಾಠ ನಡೆದಿತ್ತು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳೆಲ್ಲ ಪೀಠಿಕೆಯನ್ನು ಓದಿ ಬಂದಿದ್ದರು. ಸೇಡಂ ಕಡೆಯ ಒಬ್ಬ ಹುಡುಗ ಎದ್ದು ನಿಂತ. “ಸರ್, ನಾವು ಲಗ್ನಪತ್ರಿಕಿ ಮ್ಯಾಲೂ ದೇವ್ರ ಹೆಸರು ಬರೀತೀವಿ, ಲಾರಿ ಮ್ಯಾಲೂ ಬರೀತೀವಿ. ಇಷ್ಟು ದೊಡ್ಡ ಸಂವಿಧಾನದಾಗ ಯಾಕ ಬರ್ದಿಲ್ರಿ?” ಎಂದ. ತರಗತಿ ನಕ್ಕಿತು. ಆಗ ವಾಡಿಯ ರೈಲ್ವೆ ಕ್ವಾರ್ಟರ್ಸಿನಿಂದ ಬರುತ್ತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. “ಅಮೆರಿಕಾದ ಸಂವಿಧಾನ ದೇವರೇ ಬರೆಸ್ಯಾನಂತ ನಮ್ಮ ಚರ್ಚಿಗಿ ಬಂದಿದ್ದ ಒಬ್ಬರು ಹೇಳ್ಯಾರ್ರಿ. ಖರೆ ಏನ್ರಿ ಸರ್?”

ಮೊದಲು ಹುಡುಗಿಯ ಪ್ರಶ್ನೆ. ಅಂಥ ನಂಬಿಕೆ ಕ್ರೈಸ್ತರಲ್ಲಿ ಅನೇಕರಿಗೆ ಇರುವುದು ಖರೆ. ಅದರ ಬೇರು ಬೈಬಲಿನಲ್ಲಿದೆ. ಮೋಶೆ ಸೀನಾಯಿ ಬೆಟ್ಟ ಹತ್ತಿ ದೇವರಿಂದ ಹತ್ತು ಆಜ್ಞೆಗಳನ್ನು ಪಡೆದು ತಂದ. ಚದುರಿದ್ದ ಜನ ಆ ಕಟ್ಟಳೆಯಿಂದ ಒಂದು ಜನಾಂಗವಾದರು. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಪ್ರೊಟೆಸ್ಟಂಟ್ ಕ್ರೈಸ್ತರು ತಮ್ಮನ್ನೂ ಅಂಥದೇ ಜನವೆಂದು ಭಾವಿಸಿದರು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಹೋದವರು, ದಡದಲ್ಲಿ ನೆಲೆಯೂರುವ ಮೊದಲೇ ದೇವರ ಹೆಸರೆತ್ತಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. 1776ರ ಸ್ವಾತಂತ್ರ್ಯ ಘೋಷಣೆ ಮನುಷ್ಯರಿಗೆ ಹಕ್ಕು ಕೊಟ್ಟವನು ಸೃಷ್ಟಿಕರ್ತ ಎಂದಿತು. ಮುಂದೆ 1833ರಲ್ಲಿ ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಜ್ಞಾನಿಗಳನ್ನು ಎಬ್ಬಿಸಿ ಅವರ ಕೈಯಿಂದ ಅಮೆರಿಕದ ಸಂವಿಧಾನವನ್ನು ಸ್ಥಾಪಿಸಿದವನು ದೇವರೇ ಎಂದು ತನಗೆ ದರ್ಶನವಾಗಿದೆ ಎಂದ. ಆ ಪಂಥದವರಿಗೆ ಇಂದಿಗೂ ಅದು ಧರ್ಮದ ಮಾತು.

ಆದರೆ ಆ ಸಂವಿಧಾನವನ್ನು ಬರೆದ ಕೋಣೆಯೊಳಗೆ ಇಣುಕಿದರೆ ಬೇರೆ ಚಿತ್ರ ಕಾಣುತ್ತದೆ. 1787ರ ಜೂನ್ 28ರಂದು ಫಿಲಡೆಲ್ಫಿಯಾದ ಸಭೆಯಲ್ಲಿ ವಾದ ಬಿಗಿಯಾಗಿ ಕೆಲಸ ನಿಂತಿತ್ತು. ವೃದ್ಧ ಬೆಂಜಮಿನ್ ಫ್ರಾಂಕ್ಲಿನ್ ಎದ್ದು, ದಿನವೂ ಪ್ರಾರ್ಥನೆಯಿಂದ ಸಭೆ ಆರಂಭಿಸೋಣ ಎಂದು ಸೂಚಿಸಿದ. ಪಾದ್ರಿಗೆ ಕೊಡಲು ನಮ್ಮಲ್ಲಿ ಹಣವಿಲ್ಲ ಎಂದು ಒಬ್ಬ ಸದಸ್ಯ ಹೇಳಿದ. ಮತಕ್ಕೆ ಹಾಕದೆಯೇ ಸಭೆ ಮುಗಿಯಿತು. ಕೊನೆಗೆ ಸಿದ್ಧವಾದ ಸಂವಿಧಾನದಲ್ಲಿ, ತಾರೀಖು ಬರೆಯುವಾಗ ರೂಢಿಯಂತೆ ಬಂದ ಪ್ರಭುವಿನ ವರ್ಷ ಎಂಬ ಮಾತು ಬಿಟ್ಟರೆ, ದೇವರ ಪ್ರಸ್ತಾಪವಿಲ್ಲ. ಸರ್ಕಾರದ ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಇರಕೂಡದು ಎಂಬ ನಿಯಮ ಮಾತ್ರ ಇದೆ. ಮರುವರ್ಷ ಫ್ರಾಂಕ್ಲಿನ್ ತನ್ನ ಬರಹವೊಂದರಲ್ಲಿ, ಆ ಸಭೆಗೆ ದೈವಪ್ರೇರಣೆ ಇತ್ತೆಂದು ತಾನು ಹೇಳುವುದಿಲ್ಲ, ಆದರೂ ಇಷ್ಟು ದೊಡ್ಡ ಕೆಲಸದಲ್ಲಿ ದೇವರ ಕೈ ಸ್ವಲ್ಪವೂ ಇರಲಿಲ್ಲವೆಂದು ನಂಬಲಾರೆ ಎಂಬ ಅರ್ಥದ ಮಾತು ಬರೆದ. ಆ ಎಚ್ಚರ ಮುಂದಿನವರಿಗೆ ಉಳಿಯಲಿಲ್ಲ.

ಎಚ್ಚರ ಏಕೆ ಬೇಕಿತ್ತು? ಅದೇ ಸಂವಿಧಾನ ಜನಸಂಖ್ಯೆ ಎಣಿಸುವಾಗ ಐವರು ಗುಲಾಮರನ್ನು ಮೂವರೆಂದು ಲೆಕ್ಕ ಹಿಡಿಯಿತು. ಓಡಿಹೋದ ಗುಲಾಮನನ್ನು ಒಡೆಯನಿಗೆ ಹಿಂದಿರುಗಿಸಬೇಕೆಂದಿತು. ಇದನ್ನೂ ದೇವರೇ ಬರೆಸಿದನೆ? ಗುಲಾಮಗಿರಿ ಬೇಕೆಂದವರೂ ಬೇಡವೆಂದವರೂ ಅದೇ ಬೈಬಲ್ ಓದುತ್ತಿದ್ದರು, ಅದೇ ದೇವರಲ್ಲಿ ಗೆಲುವು ಬೇಡುತ್ತಿದ್ದರು. 1865ರಲ್ಲಿ ಅಬ್ರಹಾಂ ಲಿಂಕನ್ ಎರಡನೆಯ ಸಲ ಅಧ್ಯಕ್ಷನಾದಾಗ ಮಾಡಿದ ಭಾಷಣದಲ್ಲಿ ಈ ಮಾತನ್ನೇ ನೋವಿನಿಂದ ಎತ್ತಿ ತೋರಿಸಿದ. ನಾಲ್ಕು ವರ್ಷದ ಅಂತರ್ಯುದ್ಧ ನಡೆದು, ಅದೇ ವರ್ಷ 13ನೆಯ ತಿದ್ದುಪಡಿ ಬಂದು, ಗುಲಾಮಗಿರಿ ಹೋಯಿತು. ತಿದ್ದಿದವರು ಮನುಷ್ಯರು.

ಕಾನೂನಿನ ಹಿಂದೆ ದೇವರನ್ನು ನಿಲ್ಲಿಸುವುದು ಕ್ರೈಸ್ತರು ಮಾತ್ರ ಮಾಡಿದ್ದಲ್ಲ. ನಮ್ಮ ಸುತ್ತಮುತ್ತಲೇ ನೋಡೋಣ.

ಶಹಾಬಾದ್ ಹತ್ತಿರ ಮರ್ತೂರು ಇದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನ ಊರು ಅದೆಂದು ಪ್ರಸಿದ್ಧ. ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರ’. ಋಷಿಗಳ ಬಾಯಿಂದ ಬಂದದ್ದೆಂದು ಜನ ನಂಬಿದ ಸ್ಮೃತಿಗೆ ಅವನು ಒರೆ ಹಚ್ಚಿ, ವಾದ ಮಾಡಿ, ವ್ಯವಹಾರಕ್ಕೆ ಒಗ್ಗುವ ಅರ್ಥ ಕೊಟ್ಟ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಬಂಗಾಳದಂಥ ಕೆಲವು ಕಡೆ ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂಗಳ ಆಸ್ತಿ ವ್ಯಾಜ್ಯಗಳನ್ನು ಅದರ ಆಧಾರದ ಮೇಲೆ ತೀರ್ಮಾನಿಸಿದವು. ನಮ್ಮ ಮಣ್ಣಿನ ಪಂಡಿತನ ಈ ಸಾಧನೆ ನಮಗೆ ಹೆಮ್ಮೆಯದು. ಆದರೆ ಆ ಪದ್ಧತಿಯಲ್ಲಿ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದಲೇ ಹಕ್ಕುದಾರನಾಗುವವನು ಮಗ, ಮಗಳಲ್ಲ. ಋಷಿವಾಕ್ಯವೆಂಬ ಗೌರವ ಇದ್ದಷ್ಟು ಕಾಲ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಸುಲಭವಾಗಿರಲಿಲ್ಲ.

ಚಿತ್ತಾಪುರ ತಾಲ್ಲೂಕಿನ ಸನ್ನತಿ ಇನ್ನೊಂದು ಪಾಠ ಹೇಳುತ್ತದೆ. 1980ರ ದಶಕದಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಯ ಗುಡಿಯಲ್ಲಿ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿ 12ನೆಯ ಬಂಡೆಗಲ್ಲು ಶಾಸನದ ಭಾಗವೂ ಇದೆ. ಅಶೋಕನ ಬಿರುದೇ ದೇವಾನಾಂಪ್ರಿಯ, ಅಂದರೆ ದೇವತೆಗಳಿಗೆ ಪ್ರಿಯನಾದವನು. ಆದರೂ ಆ ಶಾಸನದಲ್ಲಿ ದೇವರು ಹೀಗೆಂದ ಎಂದು ಅವನು ಹೇಳುವುದಿಲ್ಲ. ತನ್ನ ಹೆಸರಿನಲ್ಲೇ ಮಾತಾಡುತ್ತಾನೆ. ಎಲ್ಲ ಪಂಥಗಳನ್ನೂ ಗೌರವಿಸಿರಿ, ತನ್ನದನ್ನು ಹೊಗಳಲು ಬೇರೆಯವರದನ್ನು ತೆಗಳುವವನು ತನ್ನ ಪಂಥಕ್ಕೇ ಕೆಡುಕು ಮಾಡುತ್ತಾನೆ ಎಂಬುದು ಅದರ ತಾತ್ಪರ್ಯ. ಭೀಮಾ ದಂಡೆಯಲ್ಲಿ 2200 ವರ್ಷಗಳ ಹಿಂದೆಯೇ ಈ ಮಾತು ಕಲ್ಲಿನಲ್ಲಿ ಕೆತ್ತಿತ್ತು.

ಈಗ ಹುಡುಗನ ಪ್ರಶ್ನೆಗೆ ಬರೋಣ. ನಮ್ಮ ಪೀಠಿಕೆಯಲ್ಲಿ ದೇವರ ಹೆಸರು ಮರೆತು ಬಿಟ್ಟದ್ದಲ್ಲ. ಚರ್ಚೆ ಮಾಡಿ, ಮತ ಎಣಿಸಿ ಬಿಟ್ಟದ್ದು. ಅದು ನಡೆದದ್ದು 1949ರ ಅಕ್ಟೋಬರ್ 17ರಂದು, ದೆಹಲಿಯ ಸಂವಿಧಾನ ರಚನಾ ಸಭೆಯಲ್ಲಿ. ‘ದೇವರ ಹೆಸರಿನಲ್ಲಿ’ ಎಂದು ಪೀಠಿಕೆ ಆರಂಭವಾಗಲಿ ಎಂಬ ತಿದ್ದುಪಡಿ ತಂದವರು ಹರಿ ವಿಷ್ಣು ಕಾಮತ್. ಅವರು ಮಂಗಳೂರಿನಲ್ಲಿ ಹುಟ್ಟಿದವರು, ಐ.ಸಿ.ಎಸ್. ಹುದ್ದೆ ಬಿಟ್ಟು ಸುಭಾಷಚಂದ್ರ ಬೋಸರ ಫಾರ್ವರ್ಡ್ ಬ್ಲಾಕ್ ಸೇರಿದವರು. ಅವರ ಕಣ್ಣೆದುರು ಉದಾಹರಣೆಗಳಿದ್ದವು. ಐರ್ಲೆಂಡಿನ 1937ರ ಸಂವಿಧಾನ ಕ್ರೈಸ್ತರ ಪವಿತ್ರ ತ್ರಿತ್ವದ ಹೆಸರಿನಲ್ಲೇ ಆರಂಭವಾಗುತ್ತದೆ.

ಸಭೆಯಲ್ಲಿ ಆಸ್ತಿಕರೇ ಹೆಚ್ಚಿದ್ದರು. ಆದರೂ ಒಮ್ಮತ ಬರಲಿಲ್ಲ. ಅಸ್ಸಾಮಿನ ರೋಹಿಣಿ ಕುಮಾರ ಚೌಧುರಿ, ದೇವರೆಂದರೆ ಸಾಲದು, ನಾವು ಶಕ್ತಿಯ ಆರಾಧಕರು, ದೇವಿಯ ಹೆಸರೂ ಬರಬೇಕು ಎಂದರು. ಒಂದು ಹೆಸರು ಬರೆಯಹೊರಟರೆ ಇನ್ನೊಂದು ಹೆಸರು ಹೊರಗೆ ನಿಲ್ಲುತ್ತದೆ ಎಂಬುದು ಅಲ್ಲೇ ಕಾಣಿಸಿತು. ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೈ, ನಂಬುವ ಹಕ್ಕಿನಂತೆ ನಂಬದಿರುವ ಹಕ್ಕೂ ಮನುಷ್ಯನಿಗಿದೆ, ಇದು ಒತ್ತಾಯವಾಗುತ್ತದೆ ಎಂದರು. ಹೃದಯನಾಥ ಕುಂಜ್ರು, ನಮ್ಮ ಮನಸ್ಸಿನ ಅತಿ ಪವಿತ್ರ ಭಾವನೆಯನ್ನು ಎಲ್ಲರ ಮೇಲೂ ಹೇರಬಾರದು ಎಂದು ವಾದಿಸಿದರು. ಪೂರ್ಣಿಮಾ ಬ್ಯಾನರ್ಜಿಯವರು ಬೇಡಿಕೊಂಡದ್ದು ಬೇರೆಯೇ: ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ. ಕಾಮತರು ಹಿಂದೆಗೆಯಲಿಲ್ಲ. ಎಣಿಸಿದಾಗ ಪರವಾಗಿ 41, ವಿರುದ್ಧವಾಗಿ 68. ಕಾಮತರು ಬಹಳ ನೊಂದುಕೊಂಡರು. ಸೋತ 41 ಜನರೂ ದೇಶಭಕ್ತರೇ, ಗೆದ್ದ 68 ಜನರಲ್ಲಿ ಅನೇಕರು ಮನೆಯಲ್ಲಿ ಪೂಜೆ ಮಾಡುವವರೇ. ಇದನ್ನು ಮಕ್ಕಳು ಮರೆಯಬಾರದು.

ಆ ಸಭೆಯ ಕ್ರೈಸ್ತರನ್ನೂ ಇಲ್ಲಿ ನೆನೆಯಬೇಕು. ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕುಮಾರ ಮುಖರ್ಜಿ ಬಂಗಾಳದ ಕ್ರೈಸ್ತರು. ಕಾಮತರಂತೆ ಮಂಗಳೂರಿನಲ್ಲೇ ಹುಟ್ಟಿದ ಜೆಸ್ಯೂಟ್ ಪಾದ್ರಿ ಜೆರೋಮ್ ಡಿಸೋಜಾ ಮದ್ರಾಸಿನಿಂದ ಬಂದ ಸದಸ್ಯರು. ಈ ದೇಶದ ಕಾನೂನನ್ನು ನಮ್ಮ ದೇವರ ಹೆಸರಿನಲ್ಲಿ ಬರೆಯಿರಿ ಎಂದು ಅವರು ಕೇಳಲಿಲ್ಲ. ಶಾಸನಸಭೆಗಳಲ್ಲಿ ಕ್ರೈಸ್ತರಿಗೆ ಮೀಸಲು ಸ್ಥಾನ ಬೇಕೆಂದೂ ಹಟ ಹಿಡಿಯಲಿಲ್ಲ. ಅವರಿಗೆ ಬೇಕಾಗಿದ್ದದ್ದು ತಮ್ಮ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ. 1948ರ ಡಿಸೆಂಬರ್ 6ರಂದು ‘ಪ್ರಚಾರ’ ಎಂಬ ಪದದ ಮೇಲೆ ಬಿಸಿ ಚರ್ಚೆ ನಡೆಯಿತು. ಟಿ.ಟಿ. ಕೃಷ್ಣಮಾಚಾರಿ, ಕೆ.ಎಂ. ಮುನ್ಷಿಯಂಥ ಹಿಂದೂ ಸದಸ್ಯರೇ ಆ ಪದ ಉಳಿಯಲೆಂದು ನಿಂತರು. ಅದು ಇಂದು 25ನೆಯ ವಿಧಿಯಲ್ಲಿದೆ.

ನಮ್ಮ ಭಾಗದ ಕ್ರೈಸ್ತರಿಗೆ ಇದು ಸಣ್ಣ ಮಾತಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂತು. ಆ ಕಾಲದಿಂದ ಅಮೆರಿಕದ ಮೆಥೊಡಿಸ್ಟ್ ಮಿಶನರಿಗಳು ನಿಜಾಮರ ಸಂಸ್ಥಾನಕ್ಕೆ ಬಂದು, ಮುಂದೆ ಅದರ ಕನ್ನಡ ಜಿಲ್ಲೆಗಳಲ್ಲೂ ಶಾಲೆ, ದವಾಖಾನೆ ನಡೆಸಿದರು. ಊರ ಹೊರಗಿನ ಕೇರಿಗಳ ಎಷ್ಟೋ ಕುಟುಂಬಗಳು ಆ ಧರ್ಮಕ್ಕೆ ಹೋದವು. ಅವರು ಎಣಿಕೆಯಲ್ಲಿ ಕಡಿಮೆ. ಕಾನೂನು ಯಾವುದೇ ಒಂದು ಧರ್ಮದ ಹೆಸರಿನಲ್ಲಿದ್ದಿದ್ದರೆ ಅವರಂಥ ಚಿಕ್ಕ ಸಮುದಾಯ ಪರರ ಮನೆಯಲ್ಲಿ ಬಾಡಿಗೆಗೆ ಇದ್ದಂತೆ ಇರಬೇಕಾಗುತ್ತಿತ್ತು.

ಪೀಠಿಕೆಯ ಮೇಲೆ ಮತ ಹಾಕಿದ ದಿನ ನಮ್ಮ ಹೈದರಾಬಾದ್ ಸಂಸ್ಥಾನದ ಪ್ರತಿನಿಧಿಗಳು ಸಭೆಯಲ್ಲಿರಲಿಲ್ಲ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಭಾರತದ ವಶಕ್ಕೆ ಬಂದು ಒಂದು ವರ್ಷವಷ್ಟೇ ಆಗಿತ್ತು. ಅಲ್ಲಿಯವರೆಗೆ ಸೇಡಂ, ಚಿಂಚೋಳಿಯ ರೈತನಿಗೆ ಕಾನೂನೆಂದರೆ ನಿಜಾಮರ ಫರ್ಮಾನು. 1949ರ ನವೆಂಬರ್ 23ರಂದು ಮೀರ್ ಉಸ್ಮಾನ್ ಅಲಿ ಖಾನ್ ಇನ್ನೊಂದು ಫರ್ಮಾನು ಹೊರಡಿಸಿ, ಭಾರತದ ಸಂವಿಧಾನವೇ ಹೈದರಾಬಾದಿಗೂ ಸಂವಿಧಾನ ಎಂದು ಒಪ್ಪಿಕೊಂಡರು. ಹೀಗೆ ‘ಜನತೆಯಾದ ನಾವು’ ಎಂಬ ಮಾತಿನೊಳಗೆ ನಾವೂ ಸೇರಿದೆವು.

ಜನರ ಹೆಸರಿನಲ್ಲಿ ಬರೆದದ್ದರಿಂದ ಆದ ಲಾಭ ಏನು? ತಪ್ಪಿದಾಗ ತಿದ್ದಬಹುದು. ಮಿತಾಕ್ಷರದ ಪದ್ಧತಿಯಲ್ಲಿ ಹೊರಗುಳಿದಿದ್ದ ಮಗಳಿಗೆ 1994ರಲ್ಲಿ ಕರ್ನಾಟಕವೂ 2005ರಲ್ಲಿ ಇಡೀ ದೇಶವೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟವು. ಹಿಂದುಳಿದ ನಮ್ಮ ಭಾಗಕ್ಕಾಗಿ 98ನೆಯ ತಿದ್ದುಪಡಿಯ ಮೂಲಕ 371(ಜೆ) ವಿಧಿ ಬಂತು. ಇಂದು ನಮ್ಮ ಶಾಲೆಯ ಮಕ್ಕಳು ವೈದ್ಯಕೀಯ, ಇಂಜಿನಿಯರಿಂಗ್ ಸೀಟು ಕೇಳುವುದು ಆ ವಿಧಿಯ ಬಲದಿಂದ. ಇನ್ನೂ ತೀರದ ಪ್ರಶ್ನೆಗಳೂ ಇವೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತ ಧರ್ಮಕ್ಕೆ ಹೋದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಇದು ಸರಿಯೇ ತಪ್ಪೇ ಎಂಬ ವಾದ ನ್ಯಾಯಾಲಯದಲ್ಲೂ ಹೊರಗೂ ನಡೆದೇ ಇದೆ. ದೇವರೇ ಬರೆಸಿದ್ದು ಎಂದಿದ್ದರೆ ಆ ವಾದಕ್ಕೆ ಬಾಗಿಲೇ ಇರುತ್ತಿರಲಿಲ್ಲ.

ಹಾಗೆಂದು ನಮ್ಮ ಸಂವಿಧಾನ ದೇವರನ್ನು ಹೊರಗೆ ಹಾಕಿಲ್ಲ. ಮಂತ್ರಿಯಾಗುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು; ಬೇಡವಾದವರು ಸತ್ಯನಿಷ್ಠೆಯಿಂದ ಎಂದು ಹೇಳಬಹುದು. ಆಯ್ಕೆ ಅವರದು. ಉಪಾಸನೆಯ ಸ್ವಾತಂತ್ರ್ಯದ ಮಾತು ಪೀಠಿಕೆಯಲ್ಲೇ ಇದೆ. ದೇವರ ಹೆಸರು ಇಲ್ಲದ ಆ ಪುಟವೇ ದೇವರ ಹೆಸರು ಹೇಳುವ ಎಲ್ಲರಿಗೂ ರಕ್ಷಣೆ ಕೊಟ್ಟಿದೆ.

ವಾಡಿಯ ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಷ್ಟು. ಒಳ್ಳೆಯ ಕೆಲಸಕ್ಕೆ ದೇವರ ಪ್ರೇರಣೆ ಇರುತ್ತದೆ ಎಂದು ನೀನು ನಂಬಬಹುದು, ತಾಯಿ. ಅದನ್ನು ಯಾವ ಕಾನೂನೂ ತಡೆಯುವುದಿಲ್ಲ. ಆದರೆ ಕಾನೂನಿನ ಕೆಳಗೆ ಸಹಿ ಮಾತ್ರ ನಮ್ಮದೇ ಇರಲಿ. ಆಗ ಅದರ ತಪ್ಪಿಗೆ ಉತ್ತರ ಹೇಳುವವರೂ ನಾವೇ, ತಿದ್ದುವವರೂ ನಾವೇ.

ಐವತ್ತು ವರ್ಷಗಳಿಂದ ಈ ಶಾಲೆಯ ಅಂಗಳದಲ್ಲಿ ಎಲ್ಲ ಕೇರಿಗಳ ಮಕ್ಕಳು ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಇನ್ನೂ ಐವತ್ತು ವರ್ಷ ಹಾಗೆಯೇ ನಿಲ್ಲಲಿ, ಇಂಥ ಪ್ರಶ್ನೆಗಳನ್ನು ಅಂಜದೆ ಕೇಳಲಿ ಎಂದು ಹಾರೈಸುತ್ತೇನೆ.