ರಕ್ಷಣಾ ಜೆಟ್ ಸ್ಕೀ: ಗಾಬರಿಯಾದಾಗ ಥ್ರಾಟಲ್ ಬಿಡಬೇಕಾ, ಹಿಡಿಯಬೇಕಾ?

ಗದಗ ಜಿಲ್ಲೆಗೆ ಪ್ರವಾಹದ ಭಯ ಎರಡು ಕಡೆಯಿಂದ. ಉತ್ತರದಲ್ಲಿ ಮಲಪ್ರಭೆ, ದಕ್ಷಿಣದಲ್ಲಿ ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಅಂಚಿಗೆ ತುಂಗಭದ್ರೆ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಕೊಣ್ಣೂರು, ಹೊಳೆಆಲೂರು ಭಾಗ ಜಲಾವೃತವಾಗಿದ್ದು ನೆನಪಿರಬಹುದು. ಇಂಥ ಕಡೆ ಸಾಮಾನ್ಯವಾಗಿ ಇಳಿಯುವುದು ಹಿಂದೆ ಮೋಟರ್ ಕಟ್ಟಿದ ರಬ್ಬರ್ ಬೋಟ್. ಜೆಟ್ ಸ್ಕೀ ಇದ್ದರೆ ಇನ್ನೂ ಬೇಗ ಮುಟ್ಟಬಹುದಲ್ಲ ಎಂದು ಕೇಳುವವರಿದ್ದಾರೆ. ಮುಟ್ಟಬಹುದು, ಹೌದು. ಆದರೆ ಓಡಿಸುವವರ ಬಲಗೈ ಪಳಗಿರಬೇಕು.

ಬೈಕ್ ಕಲಿಸಿದ ಪಾಠ ಇಲ್ಲಿ ಉಲ್ಟಾ

ಬೈಕ್ ಓಡಿಸುವ ಎಲ್ಲರಿಗೂ ಒಂದು ರೂಢಿ ಇದೆ. ಎದುರಿಗೆ ಏನಾದರೂ ಬಂದರೆ ಕೈ ತಾನಾಗಿ ಎಕ್ಸಲೇಟರ್ ಬಿಡುತ್ತದೆ, ಹ್ಯಾಂಡಲ್ ತಿರುಗುತ್ತದೆ. ಜೆಟ್ ಸ್ಕೀಯಲ್ಲಿ ಹೀಗೆ ಮಾಡಿದರೆ ಗಾಡಿ ನೇರವಾಗಿ ಮುಂದಿರುವವರಿಗೇ ಹೋಗಿ ಬಡಿಯಬಹುದು.

ಕಾರಣ ಸರಳ. ಇದಕ್ಕೆ ಚುಕ್ಕಾಣಿ ಇಲ್ಲ. ತಳದಿಂದ ನೀರು ಹೀರಿ, ಹಿಂದಿನ ನಳಿಗೆಯಿಂದ ರಭಸವಾಗಿ ಚಿಮ್ಮಿಸಿ ಮುಂದೆ ಸಾಗುತ್ತದೆ. ಹ್ಯಾಂಡಲ್ ತಿರುಗಿಸಿದರೆ ತಿರುಗುವುದು ಆ ನಳಿಗೆ. ಥ್ರಾಟಲ್ ಬಿಟ್ಟರೆ ನೀರಿನ ರಭಸ ಇಳಿಯುತ್ತದೆ, ಅದರ ಜೊತೆ ತಿರುಗುವ ಶಕ್ತಿಯೂ ಹೋಗುತ್ತದೆ. ಥ್ರಾಟಲ್ ಬಿಟ್ಟ ಮೇಲೂ ಸ್ವಲ್ಪ ತಿರುಗುವ ವ್ಯವಸ್ಥೆ ಈಗಿನ ಕೆಲವು ಮಾದರಿಗಳಲ್ಲಿದೆ. ಸೀ-ಡೂ ಕಂಪನಿ 2009ರ ಮಾದರಿಯಲ್ಲಿ ಬ್ರೇಕನ್ನೂ ತಂದಿತು. ಆದರೂ ಮೂಲ ನಿಯಮ ಅದೇ: ತಿರುಗಬೇಕಾದರೆ ಸ್ವಲ್ಪವಾದರೂ ಥ್ರಾಟಲ್ ಬೇಕು. ವೇಗವನ್ನು ದೂರದಲ್ಲೇ ಇಳಿಸಬೇಕು. ಹತ್ತಿರ ಬಂದ ಮೇಲೆ ಸಣ್ಣ ಸಣ್ಣದಾಗಿ ಒತ್ತಿ ಬಿಡುತ್ತಾ ದಿಕ್ಕು ಹಿಡಿಯಬೇಕು.

ಸೆಳವಿನಲ್ಲಿ ಹೇಗೆ?

ಹೊಳೆಯಲ್ಲಿ ಮುಳುಗುತ್ತಿರುವವರ ಹತ್ತಿರ ಕೆಳಗಿನಿಂದ, ಸೆಳವಿಗೆ ಎದುರು ಮುಖ ಮಾಡಿ ಹೋಗುವುದು ಒಳ್ಳೆಯದು. ಸೆಳವಿಗೆ ಸರಿಸಮನಾಗಿ ಥ್ರಾಟಲ್ ಹಿಡಿದರೆ ಗಾಡಿ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ, ಹಿಡಿತವೂ ಇರುತ್ತದೆ. ಮೇಲಿನಿಂದ ಬಂದಾಗ ಇಂಜಿನ್ ಕೈಕೊಟ್ಟರೆ ಗಾಡಿ ತೇಲಿಕೊಂಡು ಅವರ ಮೈಮೇಲೇ ಹೋಗುತ್ತದೆ. ಥ್ರಾಟಲ್ ಬಲಗೈಯಲ್ಲಿ ಇರುವುದರಿಂದ ಅವರನ್ನು ಎಡಗಡೆಗೆ ತಂದುಕೊಂಡು ಎಡಗೈ ಚಾಚಬೇಕು. ಬಲಗೈಯಿಂದ ಎಳೆಯಲು ಹೋಗಿ ಲಿವರ್ ಒತ್ತಿದರೆ ಗಾಡಿ ಹಾರುತ್ತದೆ.

ಹಲವು ಮಾದರಿಗಳಲ್ಲಿ ಥ್ರಾಟಲ್ ಬಿಟ್ಟರೂ ಇಂಜಿನ್ ಓಡುವವರೆಗೆ ತಳದ ಪಂಪು ತಿರುಗುತ್ತಲೇ ಇರುತ್ತದೆ. ಸೀರೆಯ ಸೆರಗು, ಧೋತರ, ಹಗ್ಗ, ಉದ್ದ ಕೂದಲು ಯಾವುದನ್ನಾದರೂ ಅದು ಎಳೆದುಕೊಳ್ಳಬಹುದು. ಹಿಂದಿನಿಂದ ಹತ್ತಿಸುವಾಗಲಂತೂ ಇಂಜಿನ್ ಬಂದ್ ಆಗಿರಲೇಬೇಕು. ನಳಿಗೆಯ ನೀರಿನ ಹೊಡೆತಕ್ಕೆ ಒಳಾಂಗಗಳಿಗೇ ಗಾಯವಾಗುತ್ತದೆ. ಆದರೆ ಇಂಜಿನ್ ಬಂದ್ ಮಾಡಿದರೆ ಇಬ್ಬರೂ ಸೆಳವಿನಲ್ಲಿ ತೇಲುತ್ತೀರಿ. ಅದಕ್ಕೇ ಕೆಳಗೆ ಸೇತುವೆ ಕಂಬ, ಮುಳ್ಳುಕಂಟಿ, ವಿದ್ಯುತ್ ತಂತಿ ಇದೆಯಾ ಎಂದು ಮೊದಲೇ ನೋಡಿಕೊಳ್ಳಬೇಕು.

ನಮ್ಮ ನೀರಿನ ತೊಡಕುಗಳು

ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜ್ ಇದೆ. ಗೇಟು ತೆರೆದಾಗ ಇಂಥ ಬ್ಯಾರೇಜುಗಳ ಕೆಳಗೆ ಏಳುವ ಬಿಳಿ ನೊರೆಯಲ್ಲಿ ಅರ್ಧ ಗಾಳಿಯೇ ಇರುತ್ತದೆ. ಪಂಪು ಗಾಳಿ ಹೀರಿದರೆ ಇಂಜಿನ್ ಅರಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಅಲ್ಲಿ ಪೂರ್ತಿ ಥ್ರಾಟಲ್ ಕೊಟ್ಟರೂ ಪಾರಾಗುವ ಭರವಸೆ ಇಲ್ಲ. ನೀರು ತೆಳುವಾದ ಕಡೆ ಪಂಪು ಮರಳು, ಜಲ್ಲಿ ಹೀರುತ್ತದೆ. ತಯಾರಕರು ಕನಿಷ್ಠ 2ರಿಂದ 3 ಅಡಿ ಆಳ ಬೇಕೆನ್ನುತ್ತಾರೆ. ನೆರೆ ಹೊಕ್ಕ ಊರ ಓಣಿಗಳಲ್ಲಿ ರಬ್ಬರ್ ಬೋಟೇ ವಾಸಿ ಎನ್ನುವುದು ಇದಕ್ಕೇ. ಅಲ್ಲೂ ಮೋಟರಿನ ರೆಕ್ಕೆ ಜನರಿಂದ ದೂರ ಇರಬೇಕು.

ಕಲಿಯುವುದು ಎಲ್ಲಿ?

ಮೊದಲ ಪಾಠ ನಿಂತ ನೀರಿನಲ್ಲೇ ಆಗಬೇಕು: ಬೆಂಡು ತೇಲಿಬಿಟ್ಟು ಅದರ ಪಕ್ಕಕ್ಕೆ ನಿಲ್ಲಿಸುವುದು, ಥ್ರಾಟಲ್ ಬಿಟ್ಟಾಗ ಎಷ್ಟು ದೂರ ಜಾರುತ್ತದೆ ಎಂದು ಅಳೆಯುವುದು. ಹಾಗಂತ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಇಳಿಸುವಂತಿಲ್ಲ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುವ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ.

ಲೈಫ್ ಜಾಕೆಟ್, ಹೆಲ್ಮೆಟ್ ಜೊತೆಗೆ ಇಂಜಿನ್ ಬಂದ್ ಮಾಡುವ ಸುರುಳಿ ದಾರ ಓಡಿಸುವವರ ಕೈಗೋ ಜಾಕೆಟ್ಟಿಗೋ ಸಿಕ್ಕಿಸಿರಬೇಕು. ಬಿದ್ದರೆ ಗಾಡಿ ತಾನೇ ನಿಲ್ಲುತ್ತದೆ. ಹೀಗಾಗಿ ಜೆಟ್ ಸ್ಕೀ ಬೇಕೆಂದು ಕೇಳುವವರು ತರಬೇತಿಯ ದಿನಗಳನ್ನೂ, ಅದಕ್ಕೆ ಬೇಕಾದ ಪೆಟ್ರೋಲನ್ನೂ ಜೊತೆಗೇ ಕೇಳಬೇಕು. ಬೈಕಿನ ರೂಢಿ ಒಂದು ದಿನದ ಪ್ರಾತ್ಯಕ್ಷಿಕೆಯಲ್ಲಿ ಬಿಟ್ಟುಹೋಗುವಂಥದ್ದಲ್ಲ.